ಕಡಲಾಚೆಯಿಂದ ಬಂದ ಹೊನ್ನಿನ ಮರ

1954ರಲ್ಲಿ ಬರತೊಡಗಿದ ಟೋಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಲೋಥ್‌ಲೋರಿಯನ್ ಎಂಬ ಕಾಡುನಾಡಿದೆ. ಅಲ್ಲಿನ ಎಲ್ಫ್ ಜನರ ವಾಸ ಮ್ಯಾಲೋರ್ನ್ ಮರಗಳ ಮೇಲಿನ ಅಟ್ಟಗಳಲ್ಲಿ. ಇದರ ಎಲೆ ಶರತ್ಕಾಲದಲ್ಲಿ ಹೊನ್ನಾಗುತ್ತದೆ, ಉದುರುವುದಿಲ್ಲ. ವಸಂತದಲ್ಲಿ ಹೊಸ ಚಿಗುರು ಬಂದಮೇಲೇ ಜಾಗ ಬಿಡುತ್ತದೆ. ಎಂಥಾ ಮರ್ಯಾದಸ್ಥ ಮರ ನೋಡಿ!

ಆದರೆ ಈ ಮರ ಅಲ್ಲಿಯದಲ್ಲ. ಬೀಜ ಕಡಲಾಚೆಯದು. ಮೊದಲು ಲಿಂಡನ್ ಸೀಮೆಯಲ್ಲಿ ಬೇರೂರಲೇ ಇಲ್ಲ. ಒಡತಿ ಗಲಾಡ್ರಿಯಲ್ ಕೈಯಲ್ಲಿ ಇಲ್ಲಿ ಹಿಡಿಯಿತು. ಆಕೆಯೂ ಕಡಲಾಚೆಯವಳೇ. ಕಾಡಿನ ದಿನಬಳಕೆಗೆ ಸಿಂಡರಿನ್ ಮಾತು. ತವರಿನ ಕ್ವೆನ್ಯಾ ಹೊರಬಂದದ್ದು ಅತಿಥಿಗಳ ವಿದಾಯದ ಹಾಡಿನಲ್ಲಿ. ಮುಂಬೈ, ಪುಣೆಯಲ್ಲಿದ್ದು ಲಾಲಿಯನ್ನಷ್ಟೇ ಕನ್ನಡದಲ್ಲಿ ಹಾಡುವ ನಿಮಗೆ ಇದು ಹೊಸತೇ?

ಅಂದೇ ಅತಿಥಿ ತೋಟಗಾರ ಸ್ಯಾಮ್‌ಗೆ ಆಕೆ ಒಂದು ಮ್ಯಾಲೋರ್ನ್ ಬೀಜ ಕೊಟ್ಟಳು. ಅವನೂರಾದ ಶೈರ್‌ನಲ್ಲಿ ಅದೂ ಚಿಗುರಿತು.