ಒಂದು ಮಗುವಿನ ಮಾತು, ಹಲವರ ಹೊಣೆ



ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ, ಕಿವುಡನೂ ತೊದಲನೂ ಆದ ಒಬ್ಬನನ್ನು ಪ್ರಭು ಯೇಸು ಗುಣಪಡಿಸಿದ ವೃತ್ತಾಂತವಿದೆ. ಅವನನ್ನು ಪ್ರಭುವಿನ ಬಳಿಗೆ ಕರೆತಂದವರು ಇತರರು. ಮಾತು ತೊಡರುವ ಮಕ್ಕಳ ಸೇವೆಯಲ್ಲಿ ಇಂದಿಗೂ ಹಾಗೆಯೇ: ಒಬ್ಬರಿಂದ ಆಗುವ ಕೆಲಸ ಇದಲ್ಲ.

ಈ ಸೇವೆ ಧರ್ಮಸಭೆಗೆ ಹೊಸತಲ್ಲ. ಮುಂಬಯಿಯ ಕಥೋಲಿಕ ಬಿಷಪರಾಗಿದ್ದ ಲಿಯೋ ಮ್ಯೂರಿನ್ ಅವರು 1880ರ ದಶಕದಲ್ಲಿಯೇ ಕಿವುಡ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ನಮ್ಮ ನಾಡಿನಲ್ಲಿ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ವಾಕ್ ಚಿಕಿತ್ಸಕರನ್ನು ತರಬೇತುಗೊಳಿಸುತ್ತಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ನ್ಯೂನತೆಗಳಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಯೂ ಒಂದು. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಸಾಮಾನ್ಯ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ನೆರವಾಗುತ್ತಾರೆ. ಆದರೆ ಇವರೆಲ್ಲರೂ ಒಬ್ಬರ ಕೆಲಸವನ್ನೊಬ್ಬರು ಅರಿಯದೆ ದುಡಿದರೆ, ಮಗು ಕೈಯಿಂದ ಕೈಗೆ ಸಾಗುತ್ತದೆಯೇ ಹೊರತು ಅದರ ಮಾತು ಮುಂದೆ ಸಾಗುವುದಿಲ್ಲ.

ಒಂದು ಉದಾಹರಣೆ. 'ಕಾಯಿ' ಎನ್ನಬೇಕಾದಲ್ಲಿ 'ತಾಯಿ' ಎನ್ನುವ ಮಗುವಿದೆ ಎಂದುಕೊಳ್ಳೋಣ. ಮೊದಲು ಅದರ ಶ್ರವಣಶಕ್ತಿಯ ಪರೀಕ್ಷೆಯಾಗಬೇಕು. ಬಳಿಕ ನಾಲಗೆ ಎಲ್ಲಿ ತಾಗಬೇಕೆಂಬುದನ್ನು ವಾಕ್ ಚಿಕಿತ್ಸಕರು ಕಲಿಸುತ್ತಾರೆ. ವಿಶೇಷ ಶಿಕ್ಷಕರು ಅದೇ ಅಕ್ಷರದ ಪದಗಳನ್ನು ಚಿತ್ರಗಳೊಡನೆ ಅಭ್ಯಾಸ ಮಾಡಿಸುತ್ತಾರೆ. ತರಗತಿಯ ಗುರುಗಳು ಪಾಠದಲ್ಲಿ ಆ ಪದಗಳನ್ನೇ ಓದಿಸುತ್ತಾರೆ. ತಾಯಿ ಅಡುಗೆಮನೆಯಲ್ಲಿ ಕಾಯಿ, ಕಾಳು, ಕಡಲೆ ಎನ್ನುತ್ತ ಮಗುವನ್ನು ಮಾತಿಗೆಳೆಯುತ್ತಾಳೆ. ವಾರಕ್ಕೊಂದು ಗಂಟೆಯ ಚಿಕಿತ್ಸೆ ಹೀಗೆ ಇಡೀ ವಾರದ ಅಭ್ಯಾಸವಾಗುತ್ತದೆ.

ಚಿಕಿತ್ಸಕರೂ ಶಿಕ್ಷಕರಿಂದ ತಿಳಿಯಬೇಕಾದದ್ದು ಬಹಳವಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ರೂಪುಗೊಂಡ ಈ ಜಿಲ್ಲೆಯಲ್ಲಿ ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ. ತಾಂಡಾದ ಮಗು ಲಂಬಾಣಿಯನ್ನಾಡುತ್ತದೆ. ಗಂಗಾವತಿಯ ನೀರಾವರಿ ಕ್ಯಾಂಪುಗಳಲ್ಲಿ ತೆಲುಗು ಕೇಳಿಬರುತ್ತದೆ. ಮನೆಯಲ್ಲಿ ಸಲೀಸಾಗಿ ಮಾತನಾಡುವ ಮಗು ಶಾಲೆಯ ಕನ್ನಡದಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ. ಮನೆಮಾತಿನಲ್ಲಿಯೂ ತೊಡಕಿದ್ದರೆ ಪರೀಕ್ಷೆ ಅವಶ್ಯ. ಈ ಭೇದವನ್ನು ಮಗುವಿನೊಡನೆ ದಿನವೂ ಇರುವವರೇ ತಿಳಿಸಬಲ್ಲರು.

ದೂರದ ಹಳ್ಳಿಯಿಂದ ಚಿಕಿತ್ಸೆಗೆ ಬರುವ ತಾಯಿ ಒಂದು ದಿನದ ಕೂಲಿಯನ್ನು ತ್ಯಜಿಸಿ ಬರುತ್ತಾಳೆ. ಅವಳ ತ್ಯಾಗ ವ್ಯರ್ಥವಾಗಬಾರದು. ಆದ್ದರಿಂದ ನನ್ನ ಸಲಹೆ ಅತಿ ಸರಳ: ಮಗುವಿನ ಚೀಲದಲ್ಲಿ ಒಂದೇ ನೋಟ್‌ಬುಕ್ಕು ಇರಲಿ. ಈ ವಾರದ ಗುರಿ ಯಾವುದು, ಯಾವ ಪದಗಳು ಬಂದವು, ಯಾವುವು ಬರಲಿಲ್ಲ ಎಂಬುದನ್ನು ಎಲ್ಲರೂ ಅದರಲ್ಲಿಯೇ ಬರೆಯಲಿ. ಓದುಬರಹ ಬಾರದ ತಾಯಿಗೆ ಶಿಕ್ಷಕರು ಅದನ್ನು ಓದಿಹೇಳಲಿ.

ಧರ್ಮಕೇಂದ್ರದ ನಾವೂ ಹೊರಗಿನವರಲ್ಲ. ಧರ್ಮೋಪದೇಶದ ತರಗತಿಯಲ್ಲಿ ಆ ಮಗುವಿನ ಉತ್ತರಕ್ಕಾಗಿ ತಾಳ್ಮೆಯಿಂದ ಕಾಯೋಣ. 'ಮೂಗ', 'ತೊದಲ' ಎಂಬ ಅಡ್ಡಹೆಸರುಗಳನ್ನು ನಮ್ಮ ಅಂಗಳದಿಂದ ತೊಲಗಿಸೋಣ. ಒಬ್ಬಂಟಿ ತಾಯಿಗೆ ಜೊತೆಯಾಗಿ ಬಸ್ಸು ಹತ್ತೋಣ. ನೂರು ವರ್ಷ ಪ್ರಾರ್ಥನೆಯ ಧ್ವನಿ ಕೇಳಿದ ಈ ದೇವಾಲಯದಲ್ಲಿ ಆ ಮಕ್ಕಳ ಧ್ವನಿಯೂ ಕೇಳುವಂತಾಗಲಿ.

ಪ್ರಭು ನಮ್ಮೆಲ್ಲರನ್ನು ಆಶೀರ್ವದಿಸಲಿ.