ಮೆಮೊರಿ ತುಂಬಿದೆಯೆಂದು ಗಾಬರಿ ಬೇಡ
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ; ಗಿರಣಿಯ ಗುಮಾಸ್ತ. ನಾವು ದಿನವೂ ಬಳಸುವ ಕಂಪ್ಯೂಟರಿನ ಒಂದು ಸಂಗತಿಯನ್ನು ತಿಳಿದ ಮಟ್ಟಿಗೆ ಅರಿಕೆ ಮಾಡುತ್ತೇನೆ.

ನಮ್ಮಲ್ಲಿ ಕೆಲವರು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಅದಕ್ಕೆ ‘ಫ್ರೀ’ ಎಂಬ ಆಜ್ಞೆ ಕೊಟ್ಟರೆ ಮೆಮೊರಿಯ ಲೆಕ್ಕ ತೋರಿಸುತ್ತದೆ. ಖಾಲಿ ಉಳಿದದ್ದು ಅತಿ ಸ್ವಲ್ಪವೆಂದು ಕಂಡು, ಸಂಬಳದ ಹಣ ಹಿಡಿದು ಹೊಸ ಮೆಮೊರಿ ತರಲು ಹೊರಡುವವರುಂಟು. ಹೊರಡುವ ಮುನ್ನ ಲೆಕ್ಕವನ್ನು ಪೂರ್ತಿ ಓದಬೇಕು.

ಕಚೇರಿಯಲ್ಲಿ ದಫ್ತರದ ಕೋಣೆಯಿಂದ ಒಂದು ಖಾತೆ ಪುಸ್ತಕ ತರಿಸಿದೆವೆನ್ನಿ. ಕೆಲಸ ಮುಗಿದೊಡನೆ ಅದನ್ನು ಹಿಂದಕ್ಕೆ ಕಳಿಸುತ್ತೇವೆಯೆ? ಇಲ್ಲ. ಮೇಜಿನ ಮೇಲೆ ಜಾಗವಿರುವ ತನಕ ಇಟ್ಟುಕೊಳ್ಳುತ್ತೇವೆ. ಬೇರೆ ಕಾಗದ ಬಂದಾಗ, ಬಹಳ ಹೊತ್ತು ಮುಟ್ಟದ ಪುಸ್ತಕವನ್ನು ತೆಗೆದು ಜಾಗ ಮಾಡುತ್ತೇವೆ. ಆಪರೇಟಿಂಗ್ ಸಿಸ್ಟಮ್ ಮಾಡುವುದೂ ಇದನ್ನೇ. ಡಿಸ್ಕಿನಿಂದ ಓದಿದ್ದರ ಪ್ರತಿಯನ್ನು ಬಿಡುವಾದ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎಂದು ಹೆಸರು. ಮೂಲವು ಡಿಸ್ಕಿನಲ್ಲೇ ಇರುವುದರಿಂದ, ಜಾಗ ಬೇಕಾದಾಗ ಪ್ರತಿಯನ್ನು ಬಿಟ್ಟರೆ ನಷ್ಟವಿಲ್ಲ.

ಲಾಭವೋ ದೊಡ್ಡದು. ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ತುಣುಕನ್ನು ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡು ಬೇಕು. ಮೆಮೊರಿಯಿಂದಾದರೆ ಸುಮಾರು 100 ನ್ಯಾನೊಸೆಕೆಂಡು. ಲಕ್ಷ ಪಟ್ಟು ಅಂತರ! ಎರಡನೆಯ ಸಲ ತೆರೆದ ಕಡತ ಬೇಗ ಬರುವುದು ಈ ಕಾರಣದಿಂದಲೇ. ಖಾಲಿ ಬಿದ್ದ ಮೆಮೊರಿ ಯಾರಿಗೂ ಉಪಯೋಗವಿಲ್ಲ.

ಹಾಗಾದರೆ ನಿಜವಾದ ಕೊರತೆಯನ್ನು ತಿಳಿಯುವುದು ಹೇಗೆ? 2014ರಲ್ಲಿ ಬಂದ ಲಿನಕ್ಸಿನ 3.14ನೆಯ ಕರ್ನೆಲ್, ಹೊಸ ಕೆಲಸಕ್ಕೆ ಎಷ್ಟು ಮೆಮೊರಿ ಒದಗಬಹುದೆಂಬ ಅಂದಾಜನ್ನು ತಾನೇ ಕೊಡತೊಡಗಿತು. ಇದೇ ‘ಅವೈಲೆಬಲ್’ ಎಂಬ ಅಂಕಿ. ಇದೂ ತೀರ ಕಡಿಮೆಯಾಗಿ, ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸುವ ‘ಸ್ವಾಪ್’ ಕೆಲಸ ಎಡೆಬಿಡದೆ ನಡೆಯುತ್ತಿದ್ದರೆ ಮಾತ್ರ ಹೊಸ ಮೆಮೊರಿಯ ಯೋಚನೆ ಮಾಡಿರಿ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಓದಿದ್ದನ್ನಷ್ಟೇ ಅಲ್ಲ, ನಾವು ಬರೆದದ್ದನ್ನೂ ಸಿಸ್ಟಮ್ ಮೊದಲು ಮೆಮೊರಿಯಲ್ಲಿ ಹಿಡಿದಿಡುತ್ತದೆ. ಕಿರ್ದಿಯಲ್ಲಿ ಬರೆದದ್ದನ್ನು ನಾವು ತರುವಾಯ ಖಾತೆಗೆ ಏರಿಸುವಂತೆ, ಅದೂ ಆಮೇಲೆ ಡಿಸ್ಕಿಗೆ ಏರಿಸುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸುಮಾರು 30 ಸೆಕೆಂಡು ಹೀಗೆ ಉಳಿಯಬಹುದು. ಅಷ್ಟರೊಳಗೆ ಕರೆಂಟು ಹೋದರೆ ಅಥವಾ ಪೆನ್ ಡ್ರೈವನ್ನು ಕಿತ್ತರೆ, ಉಳಿಸಿದೆವೆಂದು ನಂಬಿದ ಅರ್ಜಿಯೋ ಮಕ್ಕಳ ಅಂಕಪಟ್ಟಿಯೋ ಹೋದಂತೆಯೇ. ಆದಕಾರಣ ಪೆನ್ ಡ್ರೈವನ್ನು ‘ಇಜೆಕ್ಟ್’ ಮಾಡಿ, ತೆಗೆಯಬಹುದೆಂಬ ಸೂಚನೆ ಬಂದ ಮೇಲೆಯೇ ತೆಗೆಯಿರಿ. ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿರಿ.

ಇದಕ್ಕೆ ಕಾಸು ಖರ್ಚಿಲ್ಲ, ಅರೆ ನಿಮಿಷದ ತಾಳ್ಮೆ ಸಾಕು.