ಕಾಯಿಕೊರಕದ ಹೆಸರು ಬದಲಾದದ್ದೇಕೆ?



ಕಡಲೆ, ತೊಗರಿ, ಹತ್ತಿ ಬೆಳೆಯುವವರಿಗೆ ಕಾಯಿಕೊರಕದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಹಳೆಯ ಕೃಷಿ ಪುಸ್ತಕಗಳಲ್ಲಿ ಇದರ ಶಾಸ್ತ್ರೀಯ ಹೆಸರು ‘ಹೀಲಿಯೋಥಿಸ್ ಆರ್ಮಿಜೆರಾ’ ಎಂದಿದ್ದು, ಈಗಿನವುಗಳಲ್ಲಿ ‘ಹೆಲಿಕೋವರ್ಪಾ ಆರ್ಮಿಜೆರಾ’ ಎಂದಿರುತ್ತದೆ. ಇವೆರಡು ಬೇರೆ ಬೇರೆ ಕೀಟಗಳೆಂದು ತಿಳಿದು ಎರಡು ಬಗೆಯ ಔಷಧಿ ಕೊಂಡರೆ ಹಣ ವ್ಯರ್ಥ. ಹುಳು ಒಂದೇ.

ಸ್ವೀಡನ್ ದೇಶದ ಲಿನಿಯಸ್ 1758ರಲ್ಲಿ ಚಿಟ್ಟೆ, ಪತಂಗಗಳನ್ನೆಲ್ಲ ಕೇವಲ ಮೂರು ಕುಲಗಳಲ್ಲಿ ಅಡಗಿಸಿದ್ದನು. ಆಗ ನೋಡುತ್ತಿದ್ದುದು ಹೊರರೂಪವನ್ನು. ಆದರೆ ಬಣ್ಣವನ್ನು ನಂಬುವಂತಿಲ್ಲ. ಕಾಯಿಕೊರಕದ ಮರಿಗಳನ್ನೇ ನೋಡಿ, ಒಂದೇ ಹೊಲದಲ್ಲಿ ಹಸಿರು, ಕಂದು ಎರಡೂ ಸಿಗುತ್ತವೆ! ಆದ್ದರಿಂದ ಮುಂದಿನವರು ಪತಂಗದ ಹೊಟ್ಟೆಯ ತುದಿಯನ್ನು ಬಿಡಿಸಿ, ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸತೊಡಗಿದರು. ಕೆನಡಾದ ಹಾರ್ಡ್‌ವಿಕ್ 1965ರಲ್ಲಿ ಕಾಯಿಕೊರಕವನ್ನೂ ಅದರ ಹತ್ತಿರದ ಸಂಬಂಧಿಗಳನ್ನೂ ಹೀಲಿಯೋಥಿಸ್‌ನಿಂದ ಬೇರ್ಪಡಿಸಿ ಹೆಲಿಕೋವರ್ಪಾ ಎಂಬ ಕುಲಕ್ಕೆ ಸೇರಿಸಿದರು. ಹೊಸ ಹೆಸರು ಬಳಕೆಗೆ ಬರಲು ಬಹಳ ವರ್ಷಗಳೇ ಹಿಡಿದವು.

ಹಿಂದೆ ಅಮೆರಿಕದ ಮುಸುಕಿನ ಜೋಳದ ತೆನೆಕೊರಕವನ್ನೂ ಇದೇ ಹುಳುವೆಂದು ಎಣಿಸಿದ್ದರು. ಅದು ‘ಜಿಯಾ’ ಎಂಬ ಬೇರೆಯೇ ಪ್ರಭೇದ. ಇದು ಬರಿಯ ಪಂಡಿತರ ಜಗಳವಲ್ಲ. 2013ರಲ್ಲಿ ಬ್ರೆಜಿಲ್‌ನಲ್ಲಿ ಆರ್ಮಿಜೆರಾ ಇರುವುದು ವರದಿಯಾಯಿತು. ಜಿಯಾ ಅಲ್ಲಿ ಮೊದಲಿನಿಂದಲೂ ಇದ್ದುದರಿಂದ, ರೆಕ್ಕೆ ನೋಡಿ ಹೊಸಬನನ್ನು ಗುರುತಿಸುವುದು ಸಾಧ್ಯವಿರಲಿಲ್ಲ. ಜನನಾಂಗ ಹಾಗೂ ಡಿ.ಎನ್.ಎ. ಪರೀಕ್ಷೆಗಳೇ ಬೇಕಾದವು.

ಭತ್ತದ ಹಳದಿ ಕಾಂಡಕೊರಕವೂ ಹೀಗೆಯೇ. ‘ಟ್ರೈಪೊರೈಜಾ ಇನ್‌ಸರ್ಟುಲಾಸ್’ ಆಗಿದ್ದುದು 1981ರಲ್ಲಿ ‘ಸ್ಕಿರ್ಪೊಫೇಗಾ ಇನ್‌ಸರ್ಟುಲಾಸ್’ ಆಯಿತು. ತಂಬಾಕಿನ ಎಲೆ ತಿನ್ನುವ ‘ಪ್ರೊಡೀನಿಯಾ ಲಿಟುರಾ’ ಈಗ ‘ಸ್ಪೊಡಾಪ್ಟೆರಾ ಲಿಟುರಾ’. ಈ ಮೂರರಲ್ಲಿಯೂ ಬದಲಾದದ್ದು ಕುಲದ ಹೆಸರು ಮಾತ್ರ. ಎರಡನೆಯ ಪದ ಹಾಗೆಯೇ ಉಳಿದಿದೆ. ಹಳೆಯ ಪುಸ್ತಕವನ್ನು ಹೊಸದರೊಂದಿಗೆ ತಾಳೆ ನೋಡುವ ವಿಸ್ತರಣಾ ಕಾರ್ಯಕರ್ತರು ಆ ಎರಡನೆಯ ಪದವನ್ನು ಹಿಡಿದು ಹೋಗುವುದು ಅನುಕೂಲ.

ಎನ್.ಪಿ.ವಿ. ನಂಜಾಣು ದ್ರಾವಣ ಕೊಳ್ಳುವಾಗಲಂತೂ ಹೆಸರು ನೋಡಲೇಬೇಕು. ಕಾಯಿಕೊರಕಕ್ಕೆಂದು ತಯಾರಿಸಿದ ನಂಜಾಣು ಸ್ಪೊಡಾಪ್ಟೆರಾ ಹುಳುವನ್ನು ಕೊಲ್ಲದು. ಲಿಂಗಾಕರ್ಷಕ ಬಲೆಯಲ್ಲಿಡುವ ಲ್ಯೂರ್‌ಗಳೂ ಕೀಟಕ್ಕೊಂದರಂತೆ ಬೇರೆ ಬೇರೆ. ಸಂದೇಹವಿದ್ದರೆ ಸಿಂಪಡಿಸುವ ಮೊದಲೇ ನಾಲ್ಕಾರು ಜೀವಂತ ಮರಿಗಳನ್ನು ತಿನ್ನುತ್ತಿದ್ದ ಸೊಪ್ಪಿನೊಡನೆ ತೂತುಗಳಿರುವ ಡಬ್ಬಿಗಳಲ್ಲಿ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಒಂದು ಡಬ್ಬಿಗೆ ಒಂದೇ ಮರಿ ಇರಲಿ. ಕಾಯಿಕೊರಕದ ಮರಿಗಳು ಒಟ್ಟಿಗಿದ್ದರೆ ಒಂದನ್ನೊಂದು ತಿನ್ನುತ್ತವೆ.